ಕಮ್ಮಿ ದುಡ್ಡಲ್ಲಿ ಮನೆಗೊಂದು ಕಂಪ್ಯೂಟರ್: ಯಾವ ಪಾರ್ಟು ತಗೋಬೇಕು, ಹೆಂಗೆ ಜೋಡಿಸಬೇಕು

2024ರಲ್ಲಿ ಅಕ್ಕನ ಮಗನ ಸೆಕೆಂಡ್ ಪಿಯುಸಿ ಮುಗೀತಿದ್ದಂಗೆ ಶುರು ಆಯ್ತು ಫೋನು, ಮಾಮಾ ಕಂಪ್ಯೂಟರ್ ಬೇಕು ಅಂತ. ಅವನಿಗೆ ಕೋಡಿಂಗ್ ಕಲಿಯೋಕೆ ಬೇಕು (ಅಂತ ಅವರಮ್ಮನ ಹತ್ರ ಹೇಳಿದ್ದು), ವ್ಯಾಲೊರಂಟ್ ಆಡೋಕೆ ಬೇಕು (ಅಂತ ನನ್ನ ಹತ್ರ ಹೇಳಿದ್ದು), ಅಕ್ಕನಿಗೆ ಸೊಸೈಟಿ ಕೆಲಸಕ್ಕೆ ನುಡಿ ಸಾಫ್ಟ್‌ವೇರಲ್ಲಿ ಕನ್ನಡ ಟೈಪ್ ಮಾಡೋಕೆ ಬೇಕು. ಬಜೆಟ್ಟು ಮಾನಿಟರ್ ಯುಪಿಎಸ್ ಎಲ್ಲಾ ಸೇರಿ 40 ಸಾವಿರ. ಊರು ತಿಪಟೂರು ಹತ್ರ ಒಂದು ಹಳ್ಳಿ, ಕರೆಂಟಿನ ಕಥೆ ಹೇಳೋದೇ ಬೇಡ. ಆ ಬಿಲ್ಡ್ ಮಾಡಿದ್ಮೇಲೆ ನೆಂಟರಿಷ್ಟರಲ್ಲಿ ಇನ್ನೂ ನಾಲ್ಕು ಜನ ಕೇಳಿದ್ರು, ಪ್ರತಿಯೊಬ್ಬರಿಗೂ ಫೋನಲ್ಲಿ ಅದೇ ಪುರಾಣ ಊದಿ ಊದಿ ಸಾಕಾಗಿ ಈಗ ಬರೆದಿಟ್ಟಿದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಕಮ್ಮಿ ಬಜೆಟ್ ಕಂಪ್ಯೂಟರ್‌ನಲ್ಲಿ ಜನ ದುಡ್ಡು ಹಾಕೋದು ಕಣ್ಣಿಗೆ ಕಾಣೋ ಕಡೆ, ಗಾಜಿನ ಕ್ಯಾಬಿನೆಟ್ಟು, ಬಣ್ಣದ ಲೈಟು, ಐ7 ಅನ್ನೋ ಸ್ಟಿಕ್ಕರ್ರು. ಉಳಿಸೋದು ಕಾಣದ ಕಡೆ, ಎಸ್‌ಎಂಪಿಎಸ್ಸು (ಒಳಗಿನ ಪಾರ್ಟಿಗೆಲ್ಲಾ ಕರೆಂಟ್ ಹಂಚೋ ಡಬ್ಬ), ರ‍್ಯಾಮು (ಕೆಲಸ ನಡೀವಾಗ ಬಳಸೋ ಮೆಮೊರಿ), ಅರ್ಥಿಂಗು. ಇದನ್ನ ಉಲ್ಟಾ ಮಾಡಿದ್ರೆ ಅರ್ಧ ಕೆಲಸ ಆದಂಗೆ.

ಮೊದಲು: ಏನಕ್ಕೆ ಬೇಕು ಅಂತ ಬರೆದಿಡಿ

ನಗಬೇಡಿ, ನಿಜವಾಗ್ಲೂ ಒಂದು ಚೀಟೀಲಿ ಬರೀರಿ. ಟೈಪಿಂಗು, ಟ್ಯಾಲಿ, ಯೂಟ್ಯೂಬು, ಆನ್‌ಲೈನ್ ಕ್ಲಾಸು ಇಷ್ಟೇ ಅಂದ್ರೆ ನೀವು ಹೊಸ ಬಿಲ್ಡ್ ಮಾಡೋ ಅವಶ್ಯಕತೆನೇ ಇಲ್ಲದೆ ಇರಬಹುದು, ಕಂಪನಿಗಳು ಬಿಟ್ಟಿರೋ ರಿಫರ್ಬಿಶ್ಡ್ ಆಫೀಸ್ ಡಬ್ಬಗಳು ಸಿಗ್ತವೆ, ಡೆಲ್ ಆಪ್ಟಿಪ್ಲೆಕ್ಸು, ಎಚ್‌ಪಿ ಎಲೈಟ್‌ಡೆಸ್ಕು ಆ ಥರದ್ದು, ಅದರಲ್ಲಿ ಐ5-8500 ಪ್ರೊಸೆಸರ್ (ಲೆಕ್ಕ ಮಾಡೋ ಮುಖ್ಯ ಚಿಪ್ಪು) ಇರೋದು ಸಿಕ್ರೆ ಕಣ್ಮುಚ್ಚಿ ತಗೊಳ್ಳಿ. ಆರು ಕೋರು (ಒಟ್ಟಿಗೆ ದುಡಿಯೋ ಆರು ಕೈ ಅನ್ಕೊಳ್ಳಿ), ಇಂಟೆಲ್ 8ನೇ ಜನರೇಶನ್ನು, ವಿಂಡೋಸ್ 11ಕ್ಕೆ ಅಧಿಕೃತವಾಗಿ ನಡೆಯೋದು ಅಲ್ಲಿಂದಲೇ. ಒಂದೇ ತೊಂದರೆ, ಅವುಗಳಲ್ಲಿ ಮದರ್‌ಬೋರ್ಡು (ಎಲ್ಲಾ ಪಾರ್ಟು ಕೂರೋ ದೊಡ್ಡ ಬೋರ್ಡು), ಎಸ್‌ಎಂಪಿಎಸ್ಸು ಎಲ್ಲಾ ಅವರದ್ದೇ ಅಳತೆ, ಮುಂದೆ ಏನಾದ್ರೂ ಸುಟ್ಟೋದ್ರೆ ಅಂಗಡೀಲಿ ಸಿಗೋ ಸಾಮಾನ್ಯ ಪಾರ್ಟು ಕೂರಲ್ಲ.

ಆದ್ರೆ ಇದರ ಜೊತೇಲೇ ಇನ್ನೊಂದು ಬಲೆ ಇದೆ, "ಐ7 ಕಂಪ್ಯೂಟರ್, 16 ಜಿಬಿ, ಎಸ್‌ಎಸ್‌ಡಿ, ಬರೀ ಹದಿಮೂರು ಸಾವಿರ" ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದು. ತೆಗೆದು ನೋಡಿದ್ರೆ ಒಳಗೆ ಇರೋದು ಐ7-2600, ಅದು ಬಂದಿದ್ದು 2011ರಲ್ಲಿ. ನಾಲ್ಕು ಕೋರು ಎಂಟು ಥ್ರೆಡ್ಡು. 2022ರಲ್ಲಿ ಬಂದ ಐ3-12100ದ್ದೂ ನಾಲ್ಕು ಕೋರು ಎಂಟು ಥ್ರೆಡ್ಡೇ, ಆದ್ರೆ ಒಂದೊಂದು ಕೋರಿನ ಕೆಲಸ ನೋಡಿದ್ರೆ ಆ ಹಳೇ ಐ7 ಇದರ ಹತ್ರಾನೂ ಸುಳಿಯಲ್ಲ. ಐ3, ಐ5, ಐ7 ಅನ್ನೋದು ಮನೆತನದ ಹೆಸರಿದ್ದಂಗೆ, ವಯಸ್ಸು ಗೊತ್ತಾಗೋದು ಅದರ ಮುಂದಿನ ನಂಬರ್‌ನಲ್ಲಿ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿರೋದ್ರಿಂದ ಈ ಹಳೇ ಸರಕೆಲ್ಲಾ ಇನ್ನೂ ಜೋರಾಗಿ ಮಾರ್ಕೆಟ್ಟಿಗೆ ಬರ್ತಿದೆ, ಹುಷಾರು.

ಪ್ರೊಸೆಸರ್: ಇಲ್ಲಿಂದಲೇ ಮಿಕ್ಕಿದ್ದೆಲ್ಲಾ

ಕಮ್ಮಿ ಬಜೆಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ (ಮಾನಿಟರಿಗೆ ಚಿತ್ರ ಕೊಡೋ ಬೇರೆ ಪಾರ್ಟು) ಬೇಡ. ತಗೊಂಡ್ರೆ ಅದೇ ಅರ್ಧ ಬಜೆಟ್ ನುಂಗುತ್ತೆ, ಮಿಕ್ಕಿದ್ದಕ್ಕೆಲ್ಲಾ ಕಳಪೆ ಮಾಲು ಹಾಕಬೇಕಾಗುತ್ತೆ. ಅದಕ್ಕೇ ಒಳಗೇ ಗ್ರಾಫಿಕ್ಸ್ ಇರೋ ಪ್ರೊಸೆಸರ್ ನೋಡಬೇಕು. ನನ್ನ ಲೆಕ್ಕದಲ್ಲಿ ಇಬ್ಬರೇ ಕ್ಯಾಂಡಿಡೇಟು.

ಒಂದು ಎಎಂಡಿ ಕಂಪನಿಯ ರೈಜನ್ 5 5600ಜಿ. ಆರು ಕೋರು, ಹನ್ನೆರಡು ಥ್ರೆಡ್ಡು, 65 ವ್ಯಾಟು, ಒಳಗೆ ವೇಗಾ ಗ್ರಾಫಿಕ್ಸು. 2021ರದ್ದು, ಹಳೇದಾಯ್ತು ಅಂತಾರೆ, ಆಗಿರಲಿ. ವ್ಯಾಲೊರಂಟ್ ಆರಾಮಾಗಿ ಓಡುತ್ತೆ, ಜಿಟಿಎ 5 ಸೆಟ್ಟಿಂಗ್ ಇಳಿಸಿಕೊಂಡ್ರೆ ಆಡಬಹುದು, ವಿಡಿಯೋ ಎಡಿಟಿಂಗ್ ಸಣ್ಣಪುಟ್ಟದ್ದು ಆಗುತ್ತೆ. ಡಬ್ಬದಲ್ಲಿ ಪ್ರೊಸೆಸರ್ ತಣ್ಣಗಿಡೋ ಕೂಲರ್ ಬರುತ್ತೆ, ಅದೇ ಸಾಕು. ಇನ್ನೊಂದು ಇಂಟೆಲ್ ಐ3-12100. ಗೇಮ್ ಬೇಡವೇ ಬೇಡ ಅನ್ನೋರಿಗೆ, ಇಲ್ಲಾ ಒಂದೆರಡು ವರ್ಷ ಬಿಟ್ಟು ಗ್ರಾಫಿಕ್ಸ್ ಕಾರ್ಡ್ ಖಂಡಿತ ಹಾಕ್ತೀನಿ ಅನ್ನೋರಿಗೆ ಇದು ವಾಸಿ, ಯಾಕಂದ್ರೆ ಇದರ ಒಳಗಿನ ಗ್ರಾಫಿಕ್ಸ್ ವೀಕು, ಆದ್ರೆ ಬೋರ್ಡ್ ಬದಲಾಯಿಸದೇನೇ ಮುಂದೆ 13ನೇ 14ನೇ ಜನರೇಶನ್ ಐ5 ತನಕ ಹೋಗಬಹುದು.

ಇಲ್ಲಿ ಒಂದೇ ಒಂದು ಅಕ್ಷರ ಎಷ್ಟು ಕೆಲಸ ಕೆಡಿಸುತ್ತೆ ಅಂತ ನೋಡಿ. ನನ್ನ ಫ್ರೆಂಡ್ ಒಬ್ಬ ಆನ್‌ಲೈನಲ್ಲಿ 12100 ಹುಡುಕ್ತಾ ಇದ್ದವನಿಗೆ 12100ಎಫ್ ಅಂತ ಇನ್ನೊಂದು ಕಂಡಿದೆ, ಸಾವಿರ ಚಿಲ್ಲರೆ ಕಮ್ಮಿ ಇದೆ, ಆಫರ್ ಅನ್ಕೊಂಡು ತಗೊಂಡಿದಾನೆ. ಎಲ್ಲಾ ಜೋಡಿಸಿ ಆನ್ ಮಾಡಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಮಾನಿಟರ್ ಮಾತ್ರ ಕಪ್ಪು. ರಾತ್ರಿ ಹನ್ನೊಂದು ಗಂಟೆ ತನಕ ರ‍್ಯಾಮ್ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಕೊನೆಗೆ ನನಗೆ ಫೋನು. ಎಫ್ ಅಂದ್ರೆ ಗ್ರಾಫಿಕ್ಸ್ ಇಲ್ಲ ಅಂತ. ಎಎಂಡಿ ಕಡೇನೂ ಇದೇ ರಗಳೆ, ಎಎಂ4 ಸಾಕೆಟ್‌ನಲ್ಲಿ (ಸಾಕೆಟ್ ಅಂದ್ರೆ ಬೋರ್ಡಲ್ಲಿ ಪ್ರೊಸೆಸರ್ ಕೂರೋ ಜಾಗ) 5600ಜಿಗೆ ಗ್ರಾಫಿಕ್ಸ್ ಇದೆ, ಬರೀ 5600ಕ್ಕೂ 5500ಕ್ಕೂ ಇಲ್ಲ. ಬಿಲ್ ಮಾಡಿಸೋವಾಗ ಆ ಕೊನೇ ಅಕ್ಷರನ ಎರಡು ಸಲ ಓದಿ.

ರೈಜನ್ 5 8600ಜಿ ಅಂತ 2024ರಲ್ಲಿ ಬಂತು, ಗ್ರಾಫಿಕ್ಸ್ ಇನ್ನೂ ಚೆನ್ನಾಗಿದೆ, ಆದ್ರೆ ಅದಕ್ಕೆ ಎಎಂ5 ಬೋರ್ಡು, ಡಿಡಿಆರ್5 ಅನ್ನೋ ಹೊಸ ತಲೆಮಾರಿನ ರ‍್ಯಾಮೇ ಬೇಕು, ಎರಡೂ ದುಬಾರಿ. ನಲವತ್ತರ ಬಜೆಟ್‌ಗೆ ಅದು ಗಗನ ಕುಸುಮ.

ಸೀಲ್ ಇರೋ ಡಬ್ಬದ ಪೀಸೇ ತಗೊಳ್ಳಿ. ಟ್ರೇ ಪೀಸು ಅಂತ ಬರೀ ಪ್ಲಾಸ್ಟಿಕ್ ಚಿಪ್ಪಲ್ಲಿ ಕೊಡ್ತಾರೆ, ಒಂದು ಸಾವಿರ ಕಮ್ಮಿ ಇರುತ್ತೆ, ಡಬ್ಬದ ಪೀಸಿಗೆ ಸಿಗೋ ಮೂರು ವರ್ಷದ ಕಂಪನಿ ವಾರಂಟಿನ ಇದರಲ್ಲಿ ನಂಬ್ಕೊಂಡು ಕೂರೋ ಹಾಗಿಲ್ಲ, ಕೂಲರೂ ಇರಲ್ಲ.

ಮದರ್‌ಬೋರ್ಡ್: ಜಾಸ್ತಿ ತಲೆ ಕೆಡಿಸ್ಕೋಬೇಡಿ

5600ಜಿಗೆ ಎ520 ಅನ್ನೋ ಥರದ ಬೋರ್ಡ್ ಸಾಕು, ಬಿ550 ಒಳ್ಳೆ ರೇಟಿಗೆ ಸಿಕ್ರೆ ಸರಿ. ಬಿ450 ಕೊಟ್ರೆ ಒಂದು ಪ್ರಶ್ನೆ ಕೇಳಿ, ಬಯೋಸ್ (ಆನ್ ಮಾಡಿದಾಗ ಮೊದಲು ಓಡೋ ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ಅಂತ, ಯಾಕಂದ್ರೆ ಅದು ಬಂದಾಗ ಈ ಪ್ರೊಸೆಸರ್ ಹುಟ್ಟೇ ಇರಲಿಲ್ಲ, ಹಳೇ ಸ್ಟಾಕ್ ಆದ್ರೆ ಗುರುತೇ ಹಿಡಿಯಲ್ಲ. ಐ3ಗೆ ಎಚ್610, ಅದರಲ್ಲಿ ಡಿಡಿಆರ್4ದ್ದೂ ಇದೆ ಡಿಡಿಆರ್5ದ್ದೂ ಇದೆ, ಒಂದಕ್ಕೊಂದು ಕೂರಲ್ಲ.

ನೋಡಬೇಕಾಗಿರೋದು ಮೂರೇ. ರ‍್ಯಾಮ್ ಸ್ಲಾಟು ಕನಿಷ್ಠ ಎರಡು ಇರಬೇಕು. ಎಂ.2 ಸ್ಲಾಟು (ವಿಂಡೋಸು ಫೈಲು ಎಲ್ಲಾ ಇಡೋ ಎಸ್‌ಎಸ್‌ಡಿ ಕೂರೋ ಜಾಗ) ಇರಬೇಕು, ಅದು ಎನ್‌ವಿಎಂಇ ಅನ್ನೋ ವೇಗದ ಎಸ್‌ಎಸ್‌ಡಿ ತಗೊಳ್ಳುವಂಥದ್ದಾಗಿರಬೇಕು. ನಿಮ್ಮ ಮಾನಿಟರಿಗೆ ಹೊಂದೋ ಪೋರ್ಟು ಹಿಂದೆ ಇರಬೇಕು. ವೈಫೈ ಈ ರೇಟಿನ ಬೋರ್ಡಲ್ಲಿ ಸಾಮಾನ್ಯವಾಗಿ ಇರಲ್ಲ, ಐನೂರು ರೂಪಾಯಿ ಆಸುಪಾಸಲ್ಲಿ ಯುಎಸ್‌ಬಿ ಡಾಂಗಲ್ ಬರುತ್ತೆ, ರೂಟರ್ ಪಕ್ಕದಲ್ಲೇ ಇದ್ರೆ ಲ್ಯಾನ್ ವೈರ್ ಎಳೀರಿ ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ.

ರ‍್ಯಾಮ್: ಒಂದು ದೊಡ್ಡದು ಬೇಡ, ಎರಡು ಸಣ್ಣದು ಹಾಕಿ

5600ಜಿ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ನಿಮ್ಮ ರ‍್ಯಾಮನ್ನೇ ಸಾಲ ತಗೊಂಡು ಬದುಕೋದು. ಡಿಡಿಆರ್4 3200 ರ‍್ಯಾಮ್ ಒಂದೇ ಸ್ಟಿಕ್ ಹಾಕಿದ್ರೆ ಸೆಕೆಂಡಿಗೆ 25.6 ಜಿಬಿ ಹರಿಯುತ್ತೆ, ಎರಡು ಸ್ಟಿಕ್ ಹಾಕಿದ್ರೆ 51.2. ನಮ್ಮ ಹುಡುಗನ ಕಂಪ್ಯೂಟರ್‌ನಲ್ಲಿ ನಾನು ಬೇಕಂತಲೇ ಒಂದು ಸ್ಟಿಕ್ ತೆಗೆದು ತೋರಿಸಿದೆ, ಅದೇ ಗೇಮು ಅದೇ ಸೆಟ್ಟಿಂಗು, ಎಳೆದೆಳೆದು ನಡೆಯೋಕೆ ಶುರು ಆಯ್ತು, ಎರಡನೇದು ಹಾಕಿದ್ ತಕ್ಷಣ ಸರಿ ಹೋಯ್ತು. ಹಾಗಾಗಿ 16 ಬೇಕು ಅಂದ್ರೆ 8 ಪ್ಲಸ್ 8, ಅಂಗಡಿಯವನು "ಸಾರ್ ಒಂದೇ ಹದಿನಾರು ಹಾಕಿ ಮುಂದೆ ಇನ್ನೊಂದು ಹಾಕಬಹುದು" ಅಂತಾನೆ, ಮುಂದೆ ಅನ್ನೋದು ಬರಲ್ಲ ಅಂತ ಅವನಿಗೂ ಗೊತ್ತು.

ಈಗ ಬೇಜಾರಿನ ವಿಷಯ. 2024ರಲ್ಲಿ ಆ 8 ಪ್ಲಸ್ 8 ನನಗೆ ಬಿದ್ದಿದ್ದು 3,400. 2025ರ ಕೊನೆ ಹೊತ್ತಿಗೆ ಚಿಪ್ ಕಂಪನಿಗಳೆಲ್ಲಾ ಎಐ ಡೇಟಾ ಸೆಂಟರ್‌ಗಳಿಗೆ ಮಾಲು ಕೊಡೋಕೆ ನಿಂತ್ಕೊಂಡು ನಮ್ಮಂಥೋರ ರ‍್ಯಾಮ್ ರೇಟು ಎರಡು ಪಟ್ಟು ದಾಟಿ ಹೋಯ್ತು, ಎಸ್‌ಎಸ್‌ಡಿನೂ ಹಿಂದೇನೇ ಏರ್ತಾ ಇದೆ. ಅದಕ್ಕೇ ನಾನು ಈಗ ಡಿಡಿಆರ್4 ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತೀನಿ. ರ‍್ಯಾಮ್ ಸವೆಯೋ ವಸ್ತು ಅಲ್ಲ, ಅಪ್‌ಗ್ರೇಡ್ ಮಾಡಿದೋರ ಹತ್ರ ಸುಮ್ನೆ ಬಿದ್ದಿರುತ್ತೆ. ಒಂದೇ ಕಂಪನಿ ಒಂದೇ ಸ್ಪೀಡಿನ ಜೋಡಿ ಕೇಳಿ, ಮನೆಗೆ ತಂದು ಮೆಮ್‌ಟೆಸ್ಟ್86 ಅನ್ನೋ ಫ್ರೀ ಟೂಲನ್ನ ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ, ಒಂದು ಎರರ್ ಬಂದ್ರೂ ವಾಪಸ್ ಕೊಡ್ತೀನಿ ಅಂತ ಮೊದಲೇ ಮಾತಾಡಿಕೊಂಡಿರಿ. ಲ್ಯಾಪ್‌ಟಾಪ್ ರ‍್ಯಾಮ್ ಅರ್ಧ ಉದ್ದ ಇರುತ್ತೆ, ಅದು ಇದಕ್ಕೆ ಕೂರಲ್ಲ, ಫೋಟೋ ನೋಡಿ ಯಾಮಾರಬೇಡಿ.

ಎಸ್‌ಎಸ್‌ಡಿ

500 ಜಿಬಿ ಎನ್‌ವಿಎಂಇ, ಮುಗೀತು. ಹಳೇ ತಿರುಗೋ ಹಾರ್ಡ್‌ಡಿಸ್ಕ್ ಫೋಟೋ ಸಿನಿಮಾ ಇಡೋಕೆ ಇರಲಿ, ವಿಂಡೋಸ್ ಮಾತ್ರ ಅದರ ಮೇಲೆ ಹಾಕಬೇಡಿ. ಜೆನ್4 ಅಂತ ಇನ್ನೂ ವೇಗದ್ದನ್ನ ಜಾಸ್ತಿ ದುಡ್ಡು ಕೊಟ್ಟು ತಗೊಂಡ್ರೂ 5600ಜಿ ಜೊತೆ ಅದು ಜೆನ್3 ವೇಗದಲ್ಲೇ ಓಡೋದು, ಪ್ರೊಸೆಸರ್ ಇತಿಮಿತಿ ಅದು, ಅದಕ್ಕೆ ದುಡ್ಡು ದಂಡ. ಕೇಳಬೇಕಾದ್ದು ಏನಂದ್ರೆ ಟಿಎಲ್‌ಸಿನಾ ಕ್ಯುಎಲ್‌ಸಿನಾ ಅಂತ. ಕ್ಯುಎಲ್‌ಸಿ ಒಂದೊಂದು ಸೆಲ್ಲಲ್ಲಿ ನಾಲ್ಕು ಬಿಟ್ ತುರುಕಿರುತ್ತೆ, ದೊಡ್ಡ ಫೈಲ್ ಕಾಪಿ ಮಾಡ್ತಾ ಇದ್ದಂಗೆ ಏದುಸಿರು ಬಿಡುತ್ತೆ, ಬಾಳಿಕೇನೂ ಕಮ್ಮಿ. ನೂರಿನ್ನೂರು ರೂಪಾಯಿ ವ್ಯತ್ಯಾಸಕ್ಕೆ ಟಿಎಲ್‌ಸಿ ತಗೊಳ್ಳಿ.

ಎಸ್‌ಎಂಪಿಎಸ್: ಇಲ್ಲಿ ಸ್ವಲ್ಪ ಕೂತ್ಕೊಂಡು ಮಾತಾಡೋಣ

ನನ್ನ ಮೊದಲನೇ ಕಂಪ್ಯೂಟರ್ ಕಾಲೇಜಲ್ಲಿದ್ದಾಗ ಜೋಡಿಸಿದ್ದು. ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಅಂದ್ರು, ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿತ್ತು, ನಾನೂ ಖುಷಿಯಿಂದ ತಂದೆ. ಎಂಟು ತಿಂಗಳಿಗೆ ಒಂದು ಸಂಜೆ ಟಪ್ ಅಂತ ಸದ್ದು, ಸುಟ್ಟ ವಾಸನೆ. ಅದೊಂದೇ ಹೋಗಿದ್ರೆ ಐನೂರು ರೂಪಾಯಿ, ಅದು ಹೋಗ್ತಾ ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೇಲಿ ಕರ್ಕೊಂಡು ಹೋಯ್ತು, ಹಾರ್ಡ್‌ಡಿಸ್ಕಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಇತ್ತು. ಆಮೇಲೆ ಬಿಚ್ಚಿ ನೋಡಿದ್ರೆ ಬೋರ್ಡ್ ಮೇಲೆ ಅರ್ಧ ಪಾರ್ಟೇ ಇಲ್ಲ, ಜಾಗ ಇದೆ ಪಾರ್ಟ್ ಇಲ್ಲ.

ಅವತ್ತಿಂದ ಲೇಬಲ್ ಓದೋದು ಕಲಿತೆ. ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಪಟ್ಟಿ ಅಂಟಿಸಿರ್ತಾರೆ, ಅದರಲ್ಲಿ +12 ವೋಲ್ಟ್ ಅಂತ ಇರೋ ಕಾಲಮ್ ಹುಡುಕಿ, ಕೆಳಗೆ ಎಷ್ಟು ಆಂಪ್ ಅಂತ ಇರುತ್ತೆ. ಅದನ್ನ 12ರಿಂದ ಗುಣಿಸಿ. ಈಗಿನ ಕಂಪ್ಯೂಟರ್ ಹೆಚ್ಚೂಕಮ್ಮಿ ಪೂರ್ತಿ ಊಟ ಮಾಡೋದು ಈ 12 ವೋಲ್ಟಿಂದಲೇ. ನನ್ನ ಆ ಫ್ರೀ ಡಬ್ಬದಲ್ಲಿ 16 ಆಂಪ್ ಅಂತ ಇತ್ತು, ಅಂದ್ರೆ 192 ವ್ಯಾಟು, ಅದೂ ಅವರು ಬರೆದಿದ್ದು ನಿಜ ಅಂತ ನಂಬಿದ್ರೆ. ಸರಿಯಾದ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 36, 37 ಆಂಪ್ ಆಸುಪಾಸು ಇರುತ್ತೆ, ಗುಣಿಸಿ ನೋಡಿ, ಲೆಕ್ಕ ತಾಳೆ ಆಗುತ್ತೆ.

ಇನ್ನೊಂದು ಜನ ಜಾಸ್ತಿ ವ್ಯಾಟ್ ಹಿಂದೆ ಓಡ್ತಾರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ 5600ಜಿ ಕಂಪ್ಯೂಟರ್ ಎಷ್ಟೇ ಉರಿದ್ರೂ 150 ವ್ಯಾಟ್ ದಾಟಲ್ಲ. ಹಾಗಾಗಿ 650 ವ್ಯಾಟಿನ ಡುಪ್ಲಿಕೇಟ್‌ಗಿಂತ 450 ವ್ಯಾಟಿನ 80 ಪ್ಲಸ್ ಬ್ರಾಂಜ್ (ಕರೆಂಟ್ ಜಾಸ್ತಿ ಪೋಲು ಮಾಡಲ್ಲ ಅನ್ನೋ ಸರ್ಟಿಫಿಕೇಟು) ಇರೋದು ಎಷ್ಟೋ ಮೇಲು. ಆಂಟೆಕ್, ಕೂಲರ್ ಮಾಸ್ಟರ್, ಕೋರ್ಸೇರ್, ಡೀಪ್‌ಕೂಲ್ ಇಂಥವು ಎಲ್ಲಾ ಕಡೆ ಸಿಗ್ತವೆ, ಆದ್ರೆ ಕಂಪನಿ ಹೆಸರು ನೋಡಿ ಸುಮ್ಮನಾಗದೆ ವಾರಂಟಿ ಎಷ್ಟು ವರ್ಷ ಕೊಡ್ತಾರೆ ನೋಡಿ, ಐದು ವರ್ಷ ಕೊಡೋ ಮಾಡೆಲ್ ಅಂದ್ರೆ ಅವರಿಗೇ ಅದರ ಮೇಲೆ ನಂಬಿಕೆ ಇದೆ ಅಂತ ಅರ್ಥ.

ಕ್ಯಾಬಿನೆಟ್ಟು ಮಾನಿಟರ್ರು

ಕ್ಯಾಬಿನೆಟ್ ಮುಂಭಾಗ ಗಾಜು ಬೇಡ, ಜಾಲರಿ ಇರಲಿ. ಹಿಂದೊಂದು ಫ್ಯಾನ್ ಇದ್ರೆ ಸಾಕು. ಹಿಂದೆ ಖಾಲಿ ಇರೋ ಸ್ಲಾಟಿನ ತಗಡು ಕಿತ್ತು ಹಾಗೇ ಬಿಡಬೇಡಿ, ನಮ್ಮೂರ ಕಡೆ ಹಲ್ಲಿ ಒಳಗೆ ಹೋಗಿ ಬೆಚ್ಚಗೆ ಅಂತ ಎಸ್‌ಎಂಪಿಎಸ್ ಹತ್ರ ಮಲಗುತ್ತೆ, ಆಮೇಲೆ ಅದೂ ಉಳಿಯಲ್ಲ ಕಂಪ್ಯೂಟರೂ ಉಳಿಯಲ್ಲ. ಮಾನಿಟರ್ 22 ಇಲ್ಲಾ 24 ಇಂಚು, ಐಪಿಎಸ್ ಪ್ಯಾನಲ್ಲು, 1080ಪಿ, ಎಚ್‌ಡಿಎಂಐ. ಇಷ್ಟೇ.

ಯುಪಿಎಸ್ಸು ಅರ್ಥಿಂಗು

600 ವಿಎ ಯುಪಿಎಸ್ ಅಂದ್ರೆ ಸಾಮಾನ್ಯವಾಗಿ 360 ವ್ಯಾಟು, ನಮ್ಮ ಕಂಪ್ಯೂಟರಿಗೆ ಧಾರಾಳ ಆಯ್ತು, ಕರೆಂಟ್ ಹೋದ್ಮೇಲೆ ಫೈಲ್ ಸೇವ್ ಮಾಡಿ ಮುಚ್ಚೋಕೆ ಟೈಮ್ ಸಿಗುತ್ತೆ, ಅದರ ಮೇಲೆ ಸಿನಿಮಾ ನೋಡೋಕಲ್ಲ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತೆ, ಬದಲಾಯಿಸಿದ್ರಾಯ್ತು. ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದೆ ಯುಪಿಎಸ್ ಮೋಡ್ ಅನ್ನೋ ಸ್ವಿಚ್ ಇದೆಯಾ ನೋಡಿ, ಅದಕ್ಕೆ ಹಾಕಿದ್ರೆ ಕರೆಂಟ್ ಬದಲಾಗೋದು ಬೇಗ ಆಗುತ್ತೆ, ಒಳ್ಳೆ ಎಸ್‌ಎಂಪಿಎಸ್ ಆದ್ರೆ ಕಂಪ್ಯೂಟರ್ ಆಫ್ ಆಗದೆ ತಡ್ಕೊಳ್ಳುತ್ತೆ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಬಹಳ ಜನ ಹೇಳ್ತಾರೆ, ಕಂಪ್ಯೂಟರ್ ಕೆಟ್ಟಿದೆ ಅನ್ಕೋತಾರೆ. ಅದು ಕೆಟ್ಟಿರೋದಲ್ಲ, ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸಣ್ಣಗೆ ಸೋರೋ ಕರೆಂಟನ್ನ ಅರ್ಥ್ ವೈರಿಗೆ ಕಳಿಸುತ್ತೆ, ಮನೇಲಿ ಅರ್ಥೇ ಇಲ್ಲಾಂದ್ರೆ ಅದು ಡಬ್ಬದ ಮೇಲೇ ಕೂತಿರುತ್ತೆ. ಅಕ್ಕನ ಮನೇಲಿ ಪ್ಲಗ್ಗಿಗೆ ಮೂರು ತೂತಿತ್ತು, ಮೂರನೇದಕ್ಕೆ ವೈರೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಿಲಲ್ಲಿ ಗುಂಡಿ ತೋಡಿಸಿ ಅರ್ಥ್ ಹಾಕಿಸಿದ್ವಿ, ಆ ಖರ್ಚು ಕಂಪ್ಯೂಟರ್ ಬಜೆಟ್ಟಲ್ಲಿ ಯಾರೂ ಬರ್ಕೊಳ್ಳಲ್ಲ. ಗುಡುಗು ಶುರು ಆದ್ರೆ ಸ್ವಿಚ್ ಆಫ್ ಸಾಲದು, ಪ್ಲಗ್ ಕೀಳಿ, ಲ್ಯಾನ್ ವೈರೂ ಕೀಳಿ.

ತರೋದು

ಬೆಂಗಳೂರಲ್ಲಿ ಇದ್ದೋರಿಗೆ ಎಸ್.ಪಿ. ರೋಡ್ (ಕಂಪ್ಯೂಟರ್ ಪಾರ್ಟು ಮಾರೋ ಅಂಗಡಿಗಳ ಬೀದಿ) ಹೇಳಿಕೊಡಬೇಕಾಗಿಲ್ಲ. ಗಾಡಿ ತರಬೇಡಿ, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಇಲ್ಲಾ ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದು ನಡೀರಿ. ಭಾನುವಾರ ಬೇಡ, ಬಹುಪಾಲು ಬಾಗಿಲು ಹಾಕಿರ್ತಾರೆ. ಹೋಗೋಕೆ ಮುಂಚೆ ಅವತ್ತಿನ ಆನ್‌ಲೈನ್ ರೇಟನ್ನ ಪಾರ್ಟ್ ಪ್ರಕಾರ ಬರ್ಕೊಂಡು ಹೋಗಿ, ಹೋದವರೇ ಮೊದಲನೇ ಅಂಗಡೀಲಿ "ಬೆಸ್ಟ್ ರೇಟ್ ಹೇಳಿ" ಅಂತ ಪೂರ್ತಿ ಲಿಸ್ಟ್ ಕೊಟ್ಟು ಕೊಟೇಶನ್ ಬರೆಸಿಕೊಂಡು ಹೊರಗೆ ಬನ್ನಿ, ಇನ್ನೆರಡು ಕಡೆ ಹಾಗೇ ಮಾಡಿ. ಕೊಟೇಶನ್‌ನಲ್ಲಿ "450ಡಬ್ಲ್ಯೂ ಎಸ್‌ಎಂಪಿಎಸ್", "8ಜಿಬಿ ರ‍್ಯಾಮ್" ಅಂತ ಮೊಟಕಾಗಿ ಬರೆದ್ರೆ ಒಪ್ಪಬೇಡಿ, ಪೂರ್ತಿ ಮಾಡೆಲ್ ನಂಬರ್ ಬರೆಸಿ, ಬದಲಾವಣೆ ಆಗೋದೆಲ್ಲಾ ಅಲ್ಲೇ.

ಬಿಲ್ ಬೇಡಾಂದ್ರೆ ಜಿಎಸ್‌ಟಿ ಉಳಿಯುತ್ತೆ ಅಂತಾರೆ. 18 ಪರ್ಸೆಂಟ್ ಕೇಳೋಕೆ ಚೆನ್ನಾಗೇ ಇರುತ್ತೆ, ಆದ್ರೆ ಎರಡು ವರ್ಷ ಆದ್ಮೇಲೆ ಬೋರ್ಡ್ ಹೋದ್ರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳೋದು ಬಿಲ್ಲು. ಸೀರಿಯಲ್ ನಂಬರ್ ಇರೋ ಬಿಲ್ಲೇ ತಗೊಳ್ಳಿ. ಊರಲ್ಲಿರೋರು ಆನ್‌ಲೈನಲ್ಲಿ ತರಿಸೋದಾದ್ರೆ ಡಬ್ಬ ಬಿಚ್ಚೋದನ್ನ ಶುರುವಿಂದ ಕೊನೇ ತನಕ ವಿಡಿಯೋ ಮಾಡಿ.

2024ರಲ್ಲಿ ನಮಗೆ ಬಿದ್ದ ಲೆಕ್ಕ ಹೀಗಿತ್ತು: ಪ್ರೊಸೆಸರ್ 11,500, ಬೋರ್ಡ್ 5,800, ರ‍್ಯಾಮ್ 3,400, ಎಸ್‌ಎಸ್‌ಡಿ 3,200, ಎಸ್‌ಎಂಪಿಎಸ್ 3,000, ಕ್ಯಾಬಿನೆಟ್ 2,300, ಮಾನಿಟರ್ 7,800, ಯುಪಿಎಸ್ 2,700, ಕೀಬೋರ್ಡು ಮೌಸು 900. ಒಟ್ಟು 40,600. ಆರುನೂರು ಜಾಸ್ತಿ ಆಗಿದ್ದು ನಾನು ಹಾಕಿದೆ, ಅದನ್ನ ಇನ್ನೂ ವಸೂಲಿ ಮಾಡಿಲ್ಲ. ಇವತ್ತಿನ ರೇಟು ಬೇರೆ ಇರುತ್ತೆ, ನೋಡಬೇಕಾಗಿರೋದು ಯಾವುದಕ್ಕೆ ಎಷ್ಟು ಪಾಲು ಅನ್ನೋದು.

ಜೋಡಿಸೋದು

ಅಂಗಡೀಲಿ ಐನೂರು ಸಾವಿರ ತಗೊಂಡು ಜೋಡಿಸಿಕೊಡ್ತಾರೆ. ಆದ್ರೆ ಸ್ಟಾರ್ ಸ್ಕ್ರೂಡ್ರೈವರ್ ಒಂದಿದ್ರೆ ಮನೇಲೇ ಎರಡು ಗಂಟೆ ಕೆಲಸ, ಮಕ್ಕಳಿದ್ರೆ ಜೊತೇಲಿ ಕೂರಿಸ್ಕೊಳ್ಳಿ.

ಬೋರ್ಡನ್ನ ಅದರದ್ದೇ ರಟ್ಟಿನ ಡಬ್ಬದ ಮೇಲೆ ಇಡಿ. ಎಎಂ4 ಪ್ರೊಸೆಸರ್ ಮೂಲೇಲಿ ಬಂಗಾರದ ಬಣ್ಣದ ಸಣ್ಣ ತ್ರಿಕೋನ ಇರುತ್ತೆ, ಸಾಕೆಟ್ ಮೇಲೂ ಅಂಥದ್ದೇ ಇರುತ್ತೆ, ಲಿವರ್ ಎತ್ತಿ ಎರಡನ್ನೂ ಒಂದೇ ಕಡೆ ಮಾಡಿ ಸುಮ್ನೆ ಇಟ್ರೆ ತಾನೇ ಬೀಳಬೇಕು. ಒತ್ತಬೇಡಿ. ಬಿದ್ದಿಲ್ಲಾಂದ್ರೆ ದಿಕ್ಕು ತಪ್ಪಿದೆ, ಇಲ್ಲಾ ಪಿನ್ ಬಗ್ಗಿದೆ. ಇಂಟೆಲ್‌ನಲ್ಲಿ ಪಿನ್ ಇರೋದು ಸಾಕೆಟ್ಟಲ್ಲಿ, ಮೇಲಿರೋ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೈಯಲ್ಲಿ ಕೀಳಬೇಡಿ, ಲಿವರ್ ಮುಚ್ಚಿದಾಗ ತಾನೇ ಹಾರುತ್ತೆ, ಅದನ್ನ ಎತ್ತಿಡಿ ವಾರಂಟಿಗೆ ಬೇಕಾಗುತ್ತೆ.

5600ಜಿ ಕೂಲರ್ ಹಾಕೋವಾಗ ಎಲ್ಲರೂ ಸಿಕ್ಕಿಹಾಕಿಕೊಳ್ಳೋ ಜಾಗ ಒಂದಿದೆ. ಬೋರ್ಡ್ ಮೇಲೆ ಸಾಕೆಟ್ ಎರಡೂ ಕಡೆ ಕಪ್ಪು ಪ್ಲಾಸ್ಟಿಕ್ ಪಟ್ಟಿ ಇರುತ್ತೆ, ಈ ಕೂಲರಿಗೆ ಅದು ಬೇಡ, ನಾಲ್ಕು ಸ್ಕ್ರೂ ಬಿಚ್ಚಿ ತೆಗೀಬೇಕು. ಬಿಚ್ಚಿದ ಕ್ಷಣ ಹಿಂದಿನ ಪ್ಲೇಟ್ ಕಳಚಿ ಬೀಳುತ್ತೆ, ಹಿಡಿಯೋಕೆ ಇನ್ನೊಂದು ಕೈ ಬೇಕು. ನಾನು ಹುಡುಗನ ಕೈಯಲ್ಲಿ ಹಿಂದೆ ಒತ್ತಿ ಹಿಡಿಸಿದ್ದೆ, ಅವನು ಮಧ್ಯದಲ್ಲಿ ಫೋನ್ ಬಂತು ಅಂತ ಕೈ ಬಿಟ್ಟ, ಮತ್ತೆ ಮೊದಲಿಂದ. ಕೂಲರ್ ತಳದಲ್ಲಿ ಪೇಸ್ಟ್ ಮೊದಲೇ ಹಚ್ಚಿರುತ್ತೆ, ಬೆರಳಿಂದ ಮುಟ್ಟಿ ನೋಡೋ ಚಪಲ ಬೇಡ. ನಾಲ್ಕು ಸ್ಕ್ರೂನ ಎದುರುಬದುರು ಮೂಲೆ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಮುಂದೆ ಯಾವತ್ತಾದ್ರೂ ಕೂಲರ್ ತೆಗೆಯೋದಾದ್ರೆ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಆಚೆ ಈಚೆ ತಿರುಗಿಸಿ ಎತ್ತಿ, ಸೀದಾ ಎಳೆದ್ರೆ ಪೇಸ್ಟಿಗೆ ಅಂಟ್ಕೊಂಡು ಪ್ರೊಸೆಸರೇ ಕಿತ್ತು ಬರುತ್ತೆ.

ರ‍್ಯಾಮ್ ಎರಡೂ ಬದಿ ಟಕ್ ಅನ್ನೋ ತನಕ ಒತ್ತಿ, ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎರಡನೇದು ನಾಲ್ಕನೇದು. ಎಸ್‌ಎಸ್‌ಡಿ ಓರೆಯಾಗಿ ತೂರಿಸಿ ಬಗ್ಗಿಸಿ ಸ್ಕ್ರೂ ಹಾಕಿ, ಆ ಸ್ಕ್ರೂ ಅಕ್ಕಿಕಾಳಷ್ಟು ಇರುತ್ತೆ, ಬಿದ್ರೆ ಸಿಗಲ್ಲ. ಆಮೇಲೆ ಕ್ಯಾಬಿನೆಟ್ಟಿಗೆ ಮೊದಲು ಹಿಂದಿನ ತಗಡಿನ ಐಒ ಶೀಲ್ಡು, ಆಮೇಲೆ ಹಿತ್ತಾಳೆ ಸ್ಟ್ಯಾಂಡಾಫ್ (ಬೋರ್ಡನ್ನ ಎತ್ತಿ ಹಿಡಿಯೋ ಸಣ್ಣ ಕಾಲು) ಬೋರ್ಡಿನ ತೂತಿಗೆ ಸರಿಯಾಗಿ ಇದೆಯಾ ನೋಡಿ, ಬೋರ್ಡು ಸೀದಾ ತಗಡಿಗೆ ತಾಗಿದ್ರೆ ಶಾರ್ಟ್ ಆಗುತ್ತೆ. 24 ಪಿನ್ ದಪ್ಪ ಕೇಬಲ್ಲು, ಮೇಲ್ಗಡೆ ಮೂಲೇಲಿ ಸಿಪಿಯು ಅಂತ ಬರೆದಿರೋ 8 ಪಿನ್ ಕೇಬಲ್ಲು. ಗ್ರಾಫಿಕ್ಸ್ ಕಾರ್ಡಿಂದೂ 8 ಪಿನ್ನೇ ಇರುತ್ತೆ, ಅದರದ್ದು 6 ಪ್ಲಸ್ 2, ಸಿಪಿಯುದ್ದು 4 ಪ್ಲಸ್ 4, ಬಲವಂತವಾಗಿ ತುರುಕಬೇಡಿ. ಮುಂದಿನ ಪವರ್ ಬಟನ್ನಿನ ಎಳೆ ವೈರುಗಳಿಗೆ ಬೋರ್ಡ್ ಪುಸ್ತಕದ ಚಿತ್ರ ನೋಡಿ, ಸ್ವಿಚ್ಚಿಗೆ ಪ್ಲಸ್ ಮೈನಸ್ ಯಾವ ಕಡೆ ಆದ್ರೂ ನಡೆಯುತ್ತೆ, ಎಲ್‌ಇಡಿಗೆ ಮಾತ್ರ ಸರಿಯಾಗಿರಬೇಕು.

ಆನ್ ಮಾಡಿದ್ಮೇಲೆ

ಡಿಸ್‌ಪ್ಲೇ ಬರಲಿಲ್ಲಾಂದ್ರೆ ಗಾಬರಿ ಬೇಡ, ಹತ್ತಕ್ಕೆ ಏಳು ಸಲ ರ‍್ಯಾಮ್ ಸರಿಯಾಗಿ ಕೂತಿರಲ್ಲ, ಎರಡು ಸಲ ಸಿಪಿಯು 8 ಪಿನ್ ಮರೆತಿರ್ತೀರ, ಇನ್ನೊಂದು ಸಲ ಮಾನಿಟರ್ ಸ್ವಿಚ್ಚೇ ಹಾಕಿರಲ್ಲ. ಬಂದ್ರೆ ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಇಲ್ಲಾ ಡಿಒಸಿಪಿ ಅಂತಿರೋದನ್ನ ಆನ್ ಮಾಡಿ, ಇಲ್ಲಾಂದ್ರೆ 3200 ರ‍್ಯಾಮ್ 2133ರಲ್ಲೋ 2666ರಲ್ಲೋ ತೆವಳ್ತಾ ಇರುತ್ತೆ, ಎಷ್ಟೋ ಜನ ವರ್ಷಗಟ್ಟಲೆ ಗೊತ್ತಿಲ್ಲದೇ ಹಾಗೇ ಓಡಿಸ್ತಾರೆ. ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಅನ್ನೋ ಭದ್ರತೆ ಸೆಟ್ಟಿಂಗ್ ಎರಡೂ ಆನ್ ಇರಲಿ, ವಿಂಡೋಸ್ 11ಕ್ಕೆ ಬೇಕು, ವ್ಯಾಲೊರಂಟ್ ಅದಿಲ್ಲದೆ ವಿಂಡೋಸ್ 11ರಲ್ಲಿ ಬಾಗಿಲೇ ತೆಗೆಯಲ್ಲ.

ಗೇಮ್ ಬೇಡಾನ್ನೋರು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕ್ಕೊಳ್ಳಿ, ಫ್ರೀ, ಹಗುರ. ಕನ್ನಡ ಟೈಪಿಂಗ್ ಹೆಂಗೆ ಅಂತ ಕೇಳ್ತಾರೆ. ನುಡಿ ತಂತ್ರಾಂಶ ವಿಂಡೋಸಿಗೆ ಮಾಡಿದ್ದು ನಿಜ, ಆದ್ರೆ ಲಿನಕ್ಸ್‌ನಲ್ಲಿ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಟೂಲು) ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದ್ರೆ ಅದರಲ್ಲಿ ಕೆಜಿಪಿ ಅನ್ನೋ ಲೇಔಟ್ ಸಿಗುತ್ತೆ, ನುಡಿದೇ ಕೀಲಿಮಣೆ, ಬೆರಳಿಗೆ ಅಭ್ಯಾಸ ಇರೋರಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಟೈಪ್ ಆಗೋದು ಯುನಿಕೋಡ್. ಅಕ್ಕನದ್ದು ಮಾತ್ರ ಹತ್ತು ವರ್ಷದ ಹಳೇ ಫೈಲೆಲ್ಲಾ ಯುನಿಕೋಡ್ ಅಲ್ಲದ ನುಡಿ ಫಾಂಟಲ್ಲಿ ಇದ್ದಿದ್ರಿಂದ, ಹುಡುಗನ ಗೇಮೂ ಇದ್ದಿದ್ರಿಂದ, ನಾವು ವಿಂಡೋಸಲ್ಲೇ ಉಳ್ಕೊಂಡ್ವಿ.

ಮೊದಲನೇ ವಾರ ಚೆನ್ನಾಗಿ ದುಡಿಸಿ. ಗೇಮ್ ಆಡಿ, ದೊಡ್ಡ ಫೈಲ್ ಕಾಪಿ ಮಾಡಿ, ಒಂದು ರಾತ್ರಿ ಆನ್ ಮಾಡೇ ಬಿಡಿ. ಕೆಡೋ ಪೀಸಾದ್ರೆ ಈಗಲೇ ಕೆಡಲಿ, ಅಂಗಡಿಯವನು ಏಳು ದಿನ ಹತ್ತು ದಿನದೊಳಗೆ ಬಂದ್ರೆ ತಕರಾರಿಲ್ಲದೆ ಬದಲಾಯಿಸಿಕೊಡ್ತಾನೆ, ಆಮೇಲೆ ಹೋದ್ರೆ ಸರ್ವಿಸ್ ಸೆಂಟರ್ ವಿಳಾಸ ಕೊಡ್ತಾನೆ. ಬಿಲ್ಲಿನ ಅಕ್ಷರ ಒಂದು ವರ್ಷಕ್ಕೆ ಅಳಿಸಿ ಹೋಗುತ್ತೆ, ಇವತ್ತೇ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿ. ಡಬ್ಬಗಳನ್ನ ಅಟ್ಟಕ್ಕೆ ಹಾಕಿ, ನಮ್ಮಕ್ಕ ಪ್ರೊಸೆಸರ್ ಡಬ್ಬದಲ್ಲಿ ಬಳೆ ಇಟ್ಕೊಂಡಿದಾಳೆ, ಸ್ಟಿಕ್ಕರ್ ಕೀಳಬೇಡ ಅಂತ ಮಾತ್ರ ಹೇಳಿದೀನಿ.